ಸ್ಲೀಟರ್-ಕಿನ್ನಿ ಮರಳಿ ಬಂದ ಬಗೆ

2014ರ ಅಕ್ಟೋಬರಿನಲ್ಲಿ ಅಮೆರಿಕದ ಪಂಕ್ ರಾಕ್ ತಂಡ ಸ್ಲೀಟರ್-ಕಿನ್ನಿ ತನ್ನ ಹಳೆಯ ಏಳು ಆಲ್ಬಮ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹೊರತಂದಾಗ, ಕೊಂಡವರಿಗೆ ಅದರೊಳಗೆ ಯಾರೂ ಹೇಳಿರದ ಒಂದು ಚಿಕ್ಕ ಬಿಳಿ ರೆಕಾರ್ಡು ಸಿಕ್ಕಿತು. ಅದರ ಮೇಲಿದ್ದದ್ದು 1/20/15 ಎಂಬ ಅಂಕಿಗಳಷ್ಟೇ. ದಿನವನ್ನು ಮೊದಲು ಬರೆಯುವ ನಮಗೆ ಇಪ್ಪತ್ತನೆಯ ತಿಂಗಳು ಯಾವುದಪ್ಪಾ ಎಂದು ಕ್ಷಣಕಾಲ ಗೊಂದಲವಾಗುತ್ತದೆ. ತಿಂಗಳನ್ನು ಮೊದಲು ಬರೆಯುವ ಅಮೆರಿಕದವರಿಗೆ ಅದು 2015ರ ಜನವರಿ 20. ಮುಳ್ಳು ಇಟ್ಟು ಕೇಳಿದವರಿಗೆ ಕೇಳಿಸಿದ್ದು ಹೊಸ ಹಾಡು. 'ನೋ ಸಿಟೀಸ್ ಟು ಲವ್' ಆಲ್ಬಮ್ ಹೀಗೆ ತಾನೇ ತನ್ನ ಬರವನ್ನು ಸಾರಿಕೊಂಡಿತು.

ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ 1994ರಲ್ಲಿ ಹುಟ್ಟಿದ ಈ ತಂಡಕ್ಕೆ ಪಕ್ಕದ ಲೇಸಿ ಊರಿನ ಒಂದು ರಸ್ತೆಯ ಹೆಸರನ್ನೇ ಇಡಲಾಗಿದೆ. 2005ರ 'ದ ವುಡ್ಸ್' ಆಲ್ಬಮ್ ಬಳಿಕ, 2006ರಲ್ಲಿ, ಹಾಡುತ್ತ ಗಿಟಾರ್ ನುಡಿಸುವ ಕೋರಿನ್ ಟಕ್ಕರ್ ಮತ್ತು ಕ್ಯಾರಿ ಬ್ರೌನ್‌ಸ್ಟೀನ್ ಹಾಗೂ ಡ್ರಮ್ಸ್ ಬಾರಿಸುವ ಜಾನೆಟ್ ವೈಸ್ ತಂಡದ ಚಟುವಟಿಕೆಯನ್ನು ನಿಲ್ಲಿಸಿದರು. ಬ್ರೌನ್‌ಸ್ಟೀನ್ ಅವರಿಗೆ ಆಮೇಲೆ 'ಪೋರ್ಟ್‌ಲ್ಯಾಂಡಿಯಾ' ಎಂಬ ಟಿವಿ ಹಾಸ್ಯ ಸರಣಿಯಿಂದ ಬೇರೆಯದೇ ಪ್ರಸಿದ್ಧಿ ಬಂದಿತು.

ವರ್ಷಗಳ ಮೇಲೆ ಮತ್ತೆ ಒಂದಾಗುವ ತಂಡಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವೇ. ಹಳೆಯ ಹಾಡುಗಳಿಗೆ ಚಪ್ಪಾಳೆ ಗಿಟ್ಟಿಸುವ ಪ್ರವಾಸಕ್ಕೆ ನೆಪವಾಗಿ ಒಂದು ಹೊಸ ಆಲ್ಬಮ್ ಬರುವುದನ್ನು ಸಾಕಷ್ಟು ಕಂಡಿದ್ದೇನೆ. ಇವರು ಮಾತ್ರ ಗುಟ್ಟಾಗಿ ಆಲ್ಬಮ್ ಮುಗಿಸಿಕೊಂಡೇ ಬಾಯಿಬಿಟ್ಟರು. 'ದ ವುಡ್ಸ್'ನಲ್ಲಿ ಒಂದೇ ಹಾಡು ಹನ್ನೊಂದು ನಿಮಿಷ ಹರಿಯುತ್ತದೆ. ಇಲ್ಲಿ ಹತ್ತು ಹಾಡುಗಳೂ ಸೇರಿ ಸುಮಾರು 32 ನಿಮಿಷ. ಹತ್ತು ವರ್ಷ ಸುಮ್ಮನಿದ್ದವರು ಇಷ್ಟು ಕಡಿಮೆ ಮಾತಾಡಿದ್ದೇ ನನಗೆ ಮೊದಲು ಹಿಡಿಸಿತು.

ಈ ಆಲ್ಬಮ್ ಮಾಡಿದಾಗ ತಂಡದಲ್ಲಿ ಬೇಸ್ ಗಿಟಾರ್, ಅಂದರೆ ಕೆಳಸ್ವರಗಳ ಗಿಟಾರ್, ಇರಲಿಲ್ಲ. ಎರಡೂ ಗಿಟಾರುಗಳ ಶ್ರುತಿಯನ್ನು ವಾಡಿಕೆಗಿಂತ ಮೂರು ಅರ್ಧಸ್ವರ ಕೆಳಗಿಳಿಸುವುದರಿಂದ ತಂತಿಗಳು ಸಡಿಲಗೊಂಡು, ದನಿಗೆ ಒಂದು ಬಗೆಯ ಗಡಸು ಬರುತ್ತದೆ. ಮೊದಲ ಹಾಡು 'ಪ್ರೈಸ್ ಟ್ಯಾಗ್' ಬೆಳಗ್ಗೆ ಗಂಟೆ ಬಾರಿಸುತ್ತಲೇ ಎದ್ದು ದುಡಿಮೆಗೆ ಓಡುವವರ ಬದುಕನ್ನು, ಅಗ್ಗದ ಸಾಮಾನಿಗೆ ನಿಜವಾಗಿ ಬೆಲೆ ತೆರುವವರು ಯಾರೆಂಬುದನ್ನು ಕುರಿತದ್ದು. ಹೆಡ್‌ಫೋನ್ ಹಾಕಿಕೊಂಡು ಅದರಲ್ಲಿ ಒಂದೇ ಗಿಟಾರನ್ನು ಹಿಂಬಾಲಿಸಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಒಂದು ಬಿಟ್ಟ ಜಾಗಕ್ಕೆ ಇನ್ನೊಂದು ನುಗ್ಗುತ್ತದೆ, ಎರಡೂ ಸಿಕ್ಕಾಗುತ್ತವೆ, ಅಷ್ಟರಲ್ಲಿ ಟಕ್ಕರ್ ಅವರ ಕಂಠ ಎರಡನ್ನೂ ಮೀರಿ ಏರಿದಾಗ ನಾನು ಲೆಕ್ಕ ತಪ್ಪಿರುತ್ತೇನೆ.

ಎಲ್ಲ ಹಾಡುಗಳೂ ಈ ಮಟ್ಟದವೆಂದು ಹೇಳಲಾರೆ. ಉತ್ತರಾರ್ಧದ ಒಂದೆರಡು ಹಾಡುಗಳು ತೀರ ಒಪ್ಪವಾಗಿವೆ; ಪಂಕ್‌ಗೆ ಬೇಕಾದ ಒರಟುತನವನ್ನು ಅಲ್ಲಿ ಯಾರೋ ಉಜ್ಜಿ ತೆಗೆದಂತಿದೆ. ಆದರೆ ಕೊನೆಯ 'ಫೇಡ್' ಬೇರೆಯದೇ ತೂಕದ್ದು. ವೇದಿಕೆಯಿಂದ ಮರೆಯಾಗುವ ಮಾತನ್ನು ಮರಳಿ ಬಂದವರ ಬಾಯಲ್ಲಿ ಕೇಳುವಾಗ, ಇವರು ಮತ್ತೆ ಹೊರಟುಬಿಟ್ಟರೆ ಎಂಬ ಅಳುಕು ಹುಟ್ಟುತ್ತದೆ.

2019ರಲ್ಲಿ ವೈಸ್ ನಿಜವಾಗಿಯೂ ಹೊರಟರು. ಅಂದಿನಿಂದ ಈ ಆಲ್ಬಮ್ ಹಾಕಿದಾಗಲೆಲ್ಲ ನಾನು ಗಿಟಾರುಗಳ ಲೆಕ್ಕ ಬಿಟ್ಟು, ಅವರ ಡ್ರಮ್ಸ್ ಒಂದನ್ನೇ ಮೊದಲಿನಿಂದ ಕೊನೆಯವರೆಗೆ ಕೇಳುತ್ತೇನೆ.