ಅರವತ್ತೊಂದನೇ ದಿನ

ನಾನು ವಕೀಲೆಯಾಗಿ ನಿಂತಿದ್ದ ಹುಡುಗನನ್ನು ಮೊದಲ ಸಲ ನ್ಯಾಯಾಂಗ ಬಂಧನಕ್ಕೆ ಕಳಿಸಿದ್ದು 2025ರ ಜೂನ್ 2ರಂದು. ಅವತ್ತೇ ಡೈರಿಯಲ್ಲಿ ಆಗಸ್ಟ್ 1ರ ಪುಟ ತೆಗೆದು ಕೆಂಪು ಪೆನ್ನಿನಲ್ಲಿ ‘61’ ಅಂತ ಬರೆದಿಟ್ಟಿದ್ದೆ.

ಅಡಿಕೆ ಕಳವಿನ ಕೇಸು. ಮನೆಯ ಜಗಲಿಯಲ್ಲಿ ಪೇರಿಸಿಟ್ಟಿದ್ದ ನಾಲ್ಕು ಮೂಟೆ ಹೊತ್ತೊಯ್ದ ಅಂತ ಆರೋಪ. (ನಮ್ಮನೆ ಅಂಗಳದಿಂದಲೂ ಒಮ್ಮೆ ಅಡಿಕೆ ಹೋಗಿದೆ. ದೂರುದಾರರ ಹೊಟ್ಟೆಯುರಿ ಎಂಥದ್ದು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.) ಮೊದಲ ಜಾಮೀನು ಅರ್ಜಿ ವಜಾ ಆಗಿತ್ತು.

ಮನೆಯೊಳಗಿನ ಕಳವಿಗೆ ಗರಿಷ್ಠ ಶಿಕ್ಷೆ 7 ವರ್ಷ. ಅಂಥ ಕೇಸಿನಲ್ಲಿ ಪೊಲೀಸರು 60 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾಯ್ದೆ) 187(3)ರ ಪ್ರಕಾರ ಜಾಮೀನು ಆರೋಪಿಯ ಹಕ್ಕು. ಕದ್ದನೋ ಇಲ್ಲವೋ ಅನ್ನುವ ಮಾತೇ ಅಲ್ಲಿ ಬರುವುದಿಲ್ಲ. ಆದರೆ ಬಾಯಿಬಿಟ್ಟು ಕೇಳಬೇಕು. ನಾವು ಕೇಳುವ ಮೊದಲೇ ಚಾರ್ಜ್‌ಶೀಟ್ ಬಂದರೆ ಮುಗೀತು. ಎಷ್ಟೋ ಜನ ಕೇಳುವವರಿಲ್ಲದೆ ಒಳಗೇ ಉಳಿಯುತ್ತಾರೆ.

ಆಗಸ್ಟ್ 1, ಶುಕ್ರವಾರ. ಮಳೆ ಹೊಡೆಯುತ್ತಿತ್ತು. ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗಿ, ಕೋರ್ಟ್ ಕಚೇರಿ ಬಾಗಿಲು ತೆಗೆಯುತ್ತಿದ್ದಂತೆ ಕೊಟ್ಟೆ.

“ಏನ್ ಮೇಡಂ, ಇವತ್ತು ಇಷ್ಟ್ ಬೇಗ?”

“ಸೀಲ್ ಹಾಕಿ. ಪಕ್ಕದಲ್ಲಿ ಟೈಮೂ ಬರೀರಿ.”

10.40 ಅಂತ ಬರೆದರು. ಮಧ್ಯಾಹ್ನ ಹನ್ನೆರಡೂಕಾಲಿಗೆ ಠಾಣೆಯ ಕಾನ್‌ಸ್ಟೇಬಲ್ ಚಾರ್ಜ್‌ಶೀಟಿನ ಕಟ್ಟು ಹಿಡಿದು ಬಂದರು. ಅದರ ರಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಸರ್ಕಾರದ ಪರ ವಕೀಲರಾದ ಎಪಿಪಿಯವರದು ಒಂದೇ ವಾದ: ರಿಮ್ಯಾಂಡ್ ಆದ ದಿನ, ಅಂದರೆ ಬಂಧನಕ್ಕೆ ಕಳಿಸಿದ ದಿನ, ಬಿಟ್ಟು ಎಣಿಸಿ, ಇವತ್ತಿಗೆ 60, ನಾವು ತಡ ಮಾಡಿಲ್ಲ. ಹಾಗೆ ಎಣಿಸಿದ ಹಳೆಯ ತೀರ್ಪುಗಳೂ ಇವೆ ಅನ್ನಿ. ಆದರೆ ರಿಮ್ಯಾಂಡ್ ಆದ ದಿನವನ್ನೂ ಸೇರಿಸಿಯೇ ಎಣಿಸಬೇಕು ಅಂತ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಜಗಳ ಮುಗಿಸಿದೆ. ತೀರ್ಪಿನ ಪ್ರತಿ ಕೊಟ್ಟೆ. ಜಡ್ಜ್ ಸಾಹೇಬರು ಓದಿ, ಮೇಜಿನ ಮೇಲಿದ್ದ ಕ್ಯಾಲೆಂಡರ್ ಹತ್ತಿರ ಎಳೆದುಕೊಂಡು ಬೆರಳಿಟ್ಟು ಎಣಿಸಿದರು. ಜೂನ್‌ದು 29, ಜುಲೈದು 31. ನಿನ್ನೆಗೇ ಅರವತ್ತು.

ಸಂಜೆ ಆದೇಶವಾಯಿತು. ಒಬ್ಬ ಶ್ಯೂರಿಟಿ, ಅಂದರೆ ಅವನಿಗೆ ಹೊಣೆ ನಿಲ್ಲುವವರು, ಬೇಕು. ಹುಡುಗನ ಅವ್ವ ಸೆರಗಿನಲ್ಲಿ ಮುಚ್ಚಿ ತಂದಿದ್ದ ಪಹಣಿ ತೆಗೆದುಕೊಟ್ಟಳು. ಸತ್ತುಹೋದ ಮಾವನ ಹೆಸರಲ್ಲೇ ಇತ್ತು, ಖಾತೆ ಬದಲಾಗಿರಲಿಲ್ಲ. ಅದು ನಡೆಯಲಿಲ್ಲ. ಜಾಮೀನು ಸಿಕ್ಕಿದ ಮೇಲೂ ಹುಡುಗ ನಾಲ್ಕು ದಿನ ಒಳಗೇ ಇದ್ದ. ಈ ನಾಲ್ಕು ದಿನ ಯಾವ ಲೆಕ್ಕಕ್ಕೆ ಅಂತ ನನಗೆ ಇವತ್ತಿಗೂ ಸಿಟ್ಟಿದೆ.

ಮಂಗಳವಾರ ಅವನ ಚಿಕ್ಕಪ್ಪ ಬಂದರು. ಬಾಂಡ್ ಮುಂದಿಟ್ಟಾಗ ಪೆನ್ನು ಹಿಡಿದೇ ಕೂತರು.

“ಇವ ಓಡಿಹೋದ್ರೆ ನನ್ನ ತೋಟ ಹೋಗ್ತದಾ, ಲಾಯರಮ್ಮ?”

“ಬಾಂಡಿನ ದುಡ್ಡು ಕಟ್ಟಬೇಕಾಗ್ತದೆ. ಕಟ್ಟದೇ ಇದ್ರೆ ವಸೂಲಿಗೆ ಬರ್ತಾರೆ.”

ಸುಳ್ಳು ಹೇಳಿ ಸಹಿ ಹಾಕಿಸಬಾರದು ನೋಡಿ. ಅವರು ಸ್ವಲ್ಪ ಹೊತ್ತು ಅತ್ತಿಗೆಯ ಮುಖ ನೋಡಿದರು. ಆಮೇಲೆ ಎಲ್ಲಿ ಹಾಕಬೇಕು ಅಂತ ಕೇಳಿದರು.