ತಂಡಾ: ಟ್ಯಾಂಗೊ ಸಂಜೆಯ 12 ನಿಮಿಷದ ಲೆಕ್ಕ

ಬೆಂಗಳೂರಿನಲ್ಲಿ ಟ್ಯಾಂಗೊ ಎಂಬ ಅಪ್ಪುಗೆಯ ಜೋಡಿ ನೃತ್ಯದ ಕ್ಲಾಸಿಗೆ ಸೇರಿ ಆರು ತಿಂಗಳಾಗುವಷ್ಟರಲ್ಲಿ ಬಹಳ ಜನರಿಗೆ ಎಂಟರ ಆಕಾರದಲ್ಲಿ ತಿರುಗುವ ಓಚೊ ಬರುತ್ತದೆ, ಕಾಲಿಗೆ ಕಾಲು ಕೊಕ್ಕೆ ಹಾಕುವ ಗಾಂಚೊ ಬರುತ್ತದೆ, ವಿಡಿಯೊ ನೋಡಿ ಕಾಲು ಬೀಸುವ ಬೊಲೆಯೊ ಕೂಡ ಬಂದಿರುತ್ತದೆ. ಆದರೆ ಮಿಲೊಂಗಾಕ್ಕೆ, ಅಂದರೆ ಎಲ್ಲರೂ ಸೇರಿ ನರ್ತಿಸುವ ಸಂಜೆಗೆ, ಕಾಲಿಟ್ಟ ಕೂಡಲೇ ಕೈಕಾಲು ಕಟ್ಟಿದ ಹಾಗಾಗುತ್ತದೆ. ಯಾವ ಹಾಡಿಗೆ ಏಳಬೇಕು, ಯಾರ ಜೊತೆ ಏಳಬೇಕು, ಯಾವಾಗ ಕೂರಬೇಕು? ಈ ಮೂರನ್ನೂ ನಿರ್ಧರಿಸುವುದು ತಂಡಾ. ಕ್ಲಾಸುಗಳಲ್ಲಿ ಇದಕ್ಕೆ ಐದು ನಿಮಿಷವೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ.

ಸ್ಪ್ಯಾನಿಷ್‌ನಲ್ಲಿ ತಂಡಾ ಎಂದರೆ ಸರದಿ, ಪಾಳಿ. ಕನ್ನಡದ ‘ತಂಡ’ ಎಂದೇ ನೆನಪಿಟ್ಟುಕೊಂಡರೂ ನಷ್ಟವಿಲ್ಲ, ಏಕೆಂದರೆ ಅದು ಹಾಡುಗಳ ತಂಡವೇ: ನಾಲ್ಕು ಟ್ಯಾಂಗೊ, ಅಥವಾ ಮೂರು ವಾಲ್ಸ್ (ಮೂರೆಣಿಕೆಯ ಟ್ಯಾಂಗೊ), ಅಥವಾ ಮೂರು ಮಿಲೊಂಗಾ. (ಮಿಲೊಂಗಾ ಎನ್ನುವುದು ಸಂಜೆಯ ಹೆಸರೂ ಹೌದು, ಒಂದು ಸಂಗೀತ ಪ್ರಕಾರದ ಹೆಸರೂ ಹೌದು. ಮೊದಮೊದಲು ಎಲ್ಲರಿಗೂ ಗೊಂದಲವಾಗುತ್ತದೆ.) ಒಂದು ತಂಡಾ ಮುಗಿದ ಮೇಲೆ ಕೊರ್ತಿನಾ, ಅಂದರೆ ಪರದೆ, ಬರುತ್ತದೆ. ಟ್ಯಾಂಗೊಗೆ ಸಂಬಂಧವೇ ಇಲ್ಲದ ಯಾವುದಾದರೂ ಸಂಗೀತದ 30ರಿಂದ 60 ಸೆಕೆಂಡಿನ ತುಣುಕು ಅದು. ಕೊರ್ತಿನಾ ಕೇಳಿದೊಡನೆ ಎಲ್ಲರೂ ನೆಲ ಖಾಲಿ ಮಾಡಿ ಕೂರುತ್ತಾರೆ. ಕೂರಲೇಬೇಕು. ನಡುವೆ ನಿಂತು ಹರಟಿದರೆ ಕೂತವರಿಗೆ ಎದುರು ಸಾಲಿನವರ ಮುಖ ಕಾಣುವುದಿಲ್ಲ, ಮುಂದಿನ ತಂಡಾಕ್ಕೆ ಜೊತೆ ಸಿಗುವುದಿಲ್ಲ.

ಲೆಕ್ಕ ಹೀಗಿದೆ. ಮಿಲೊಂಗಾದಲ್ಲಿ ಹಾಕುವ ಹೆಚ್ಚಿನ ಹಾಡುಗಳು ಹಳೆಯ ಮುದ್ರಿಕೆಗಳು, 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷ ಹಿಡಿಸುತ್ತಿತ್ತು. ಆದ್ದರಿಂದ ಆ ಕಾಲದ ಟ್ಯಾಂಗೊಗಳೆಲ್ಲ ಎರಡೂವರೆ, ಮೂರು ನಿಮಿಷದವು. ನಾಲ್ಕು ಸೇರಿದರೆ 12 ನಿಮಿಷದ ಆಸುಪಾಸು. ಸಾಮಾನ್ಯ ಸರಣಿ ಎರಡು ಟ್ಯಾಂಗೊ ತಂಡಾ, ಒಂದು ವಾಲ್ಸ್, ಮತ್ತೆರಡು ಟ್ಯಾಂಗೊ, ಒಂದು ಮಿಲೊಂಗಾ. ಇದು ಒಂದು ಸುತ್ತು ಬರಲು ಕೊರ್ತಿನಾ ಸೇರಿ 70 ನಿಮಿಷ ಬೇಕು. ಸಂಜೆ ಆರೂವರೆಗೆ ಶುರುವಾಗಿ ಹತ್ತಕ್ಕೆ ಮುಗಿಯುವ ಕಾರ್ಯಕ್ರಮದಲ್ಲಿ ಮೂರೇ ಸುತ್ತು, ಅಂದರೆ ಮೂರೇ ವಾಲ್ಸ್ ತಂಡಾ. ವಾಲ್ಸ್ ಇಷ್ಟದವರು ಒಂದು ತಪ್ಪಿಸಿಕೊಂಡರೆ ಮತ್ತೆ ಒಂದು ಗಂಟೆ ಕಾಯಬೇಕು. ಸಿಲ್ಕ್ ಬೋರ್ಡ್ ದಾಟಿ ಬರುವವರು ಇದನ್ನು ಲೆಕ್ಕಕ್ಕೆ ಹಿಡಿದೇ ಹೊರಡಲಿ.

ಇನ್ನು ಸಂಗೀತ. ಟ್ಯಾಂಗೊ ವಾದ್ಯವೃಂದದಲ್ಲಿ ಬ್ಯಾಂಡೊನಿಯನ್ (ತಿದಿಯಿರುವ ಗುಂಡಿವಾದ್ಯ), ಪಿಟೀಲು, ಪಿಯಾನೊ, ಡಬಲ್ ಬಾಸ್ ಇರುತ್ತವೆ. ತಾಳವಾದ್ಯ ಇಲ್ಲ. ಮೃದಂಗ, ತಬಲಾ, ತಮಟೆ ಕೇಳಿ ಬೆಳೆದ ಕಿವಿ ಮೊದಲು ಹುಡುಕುವುದೇ ಬಡಿತವನ್ನು. ಅದು ಸಿಗದೆ, ಹಾಡಿನ ರಾಗವನ್ನೇ ಹಿಡಿದು ಕಾಲು ಇಡುವುದರಿಂದ ಹೊಸಬರ ಹೆಜ್ಜೆ ತೇಲುತ್ತದೆ. ಲಯ ಎಲ್ಲಿದೆ ಎಂದರೆ ಬಾಸ್‌ನಲ್ಲಿ, ಪಿಯಾನೊದ ಎಡಗೈಯಲ್ಲಿ, ಬ್ಯಾಂಡೊನಿಯನ್‌ಗಳು ಒಟ್ಟಾಗಿ ಕೊಡುವ ಒತ್ತಿನಲ್ಲಿ. ಒಂದು ವಾರ ಬಾಸನ್ನಷ್ಟೇ ಕೇಳಿಸಿಕೊಳ್ಳುವ ಅಭ್ಯಾಸ ಮಾಡಿ. ಮೊಬೈಲ್ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ, ಹೆಡ್‌ಫೋನ್ ಬೇಕು. ನಡಿಗೆಯ ಬಡಿತ ನಿಮಿಷಕ್ಕೆ ಹೆಚ್ಚುಕಡಿಮೆ 60ರಿಂದ 66.

ನಮ್ಮ ಸೊಲ್ಲುಕಟ್ಟು ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಟ್ಯಾಂಗೊಗೆ ‘ತಕಧಿಮಿ’ ಹೇಳಿಕೊಂಡು ‘ತ’ ಮೇಲೊಂದು ಹೆಜ್ಜೆ ಇಡಿ. ‘ತ’ ಮತ್ತು ‘ಧಿ’ ಎರಡರಲ್ಲೂ ಇಟ್ಟರೆ ದುಪ್ಪಟ್ಟು ವೇಗ. ವಾಲ್ಸ್‌ಗೆ ‘ತಕಿಟ’, ಪ್ರತಿ ‘ತ’ಗೆ ಒಂದು ಹೆಜ್ಜೆ. ಮಿಲೊಂಗಾದಲ್ಲಿ ಒತ್ತುಗಳು ‘ತಕಿಟ ತಕಿಟ ತಕ’, ಅಂದರೆ 3+3+2 ಎಂಬ ಹಾಗೆ ಬೀಳುತ್ತವೆ. ಕಾಲು ಮಾತ್ರ ‘ತಕಧಿಮಿ ತಕಜೊಣು’ ಎಂದು ಎರಡು ಸಮ ಹೆಜ್ಜೆ ಇಡುತ್ತದೆ. ಈ ಎರಡು ಲೆಕ್ಕಗಳ ತಿಕ್ಕಾಟವೇ ಮಿಲೊಂಗಾದ ಸೊಗಸು. ಒತ್ತು ಬಿದ್ದಲ್ಲೆಲ್ಲ ಕಾಲಿಡಲು ಹೋಗಿ ಉಸಿರು ಕಟ್ಟಿಸಿಕೊಳ್ಳುವುದೇ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಮೊದಲ ಮೂರು ತಿಂಗಳು ಸಮ ಹೆಜ್ಜೆ ಸಾಕು.

ಬ್ಯಾಂಡೊನಿಯನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಹಾರ್ಮೋನಿಯಂನಂತೆ ಇದರಲ್ಲೂ ಲೋಹದ ರೀಡುಗಳು, ತಿದಿಯ ಗಾಳಿ. 19ನೇ ಶತಮಾನದ ನಡುವೆ ಜರ್ಮನಿಯಲ್ಲಿ ರೂಪುಗೊಂಡು, ಹೈನ್ರಿಕ್ ಬ್ಯಾಂಡ್ ಎಂಬಾತನ ಹೆಸರು ಹೊತ್ತು, ಬ್ಯೂನಸ್ ಐರಿಸ್ ತಲುಪಿದ ವಾದ್ಯ. ಟ್ಯಾಂಗೊದಲ್ಲಿ ಬಳಸುವ ಮಾದರಿಗೆ 71 ಗುಂಡಿಗಳು, ಬಲಗೈಗೆ 38, ಎಡಗೈಗೆ 33. ಹೆಚ್ಚಿನ ಗುಂಡಿಗಳು ತಿದಿ ಹಿಗ್ಗಿಸುವಾಗ ಒಂದು ಸ್ವರ, ಕುಗ್ಗಿಸುವಾಗ ಇನ್ನೊಂದು ಸ್ವರ ಕೊಡುತ್ತವೆ. ವಾದಕರು ಹೆಚ್ಚಾಗಿ ಹಿಗ್ಗಿಸುತ್ತಲೇ ನುಡಿಸಿ, ಗಾಳಿ ಬಿಡುವ ಲಿವರ್ ಒತ್ತಿ ಸರಕ್ಕನೆ ಮುಚ್ಚಿಕೊಳ್ಳುತ್ತಾರೆ. ಆ ಉಸಿರಿನ ಜಾಗ ಹಾಡಿನಲ್ಲಿ ಕೇಳುತ್ತದೆ, ನರ್ತಿಸುವವರು ನಿಲ್ಲಬೇಕಾದ ಜಾಗವೂ ಹಲವು ಸಲ ಅದೇ.

ಒಂದು ತಂಡಾದ ನಾಲ್ಕೂ ಹಾಡು ಒಂದೇ ವಾದ್ಯವೃಂದದ್ದು, ಒಂದೇ ಅವಧಿಯದ್ದು, ಗಾಯನವಿದ್ದರೆ ಒಬ್ಬರೇ ಗಾಯಕರದ್ದು ಆಗಿರಬೇಕು. ಮೊದಲ ಹಾಡಿನ ಹತ್ತು ಸೆಕೆಂಡು ಕೇಳಿದರೆ ಮುಂದಿನ 12 ನಿಮಿಷ ಹೇಗಿರುತ್ತದೆ ಎಂದು ತಿಳಿಯಬೇಕು. ಆ ನಂಬಿಕೆಯ ಮೇಲೆಯೇ ಜನ ಜೊತೆ ಆರಿಸಿಕೊಳ್ಳುತ್ತಾರೆ. ವಾದ್ಯವೃಂದದ ನಾಯಕ ಡಾರಿಯೆನ್ಸೊ ಅವರ ವೃಂದದಲ್ಲಿ 1935ರ ಕೊನೆಯಿಂದ 1938ರವರೆಗೆ ರೊಡೊಲ್ಫೊ ಬಿಯಾಜಿ ಪಿಯಾನೊಗೆ ಕೂತಿದ್ದ ಕಾಲದ ಮುದ್ರಿಕೆಗಳು ಚುರುಕು, ಒತ್ತು ಖಡಕ್. ಚಿಕ್ಕ ಹೆಜ್ಜೆ, ಚುರುಕು ಕಾಲಿನವರ ಜೊತೆ ಚೆನ್ನ. ಡಿ ಸಾರ್ಲಿ ವೃಂದದ 1950ರ ದಶಕದ ವಾದ್ಯ ಟ್ಯಾಂಗೊಗಳಲ್ಲಿ ಪಿಟೀಲುಗಳು ಉದ್ದಕ್ಕೆ ಹರಿಯುತ್ತವೆ, ಕೆಳಗೆ ಪಿಯಾನೊ ಸ್ಪಷ್ಟವಾಗಿ ಹೆಜ್ಜೆ ತೋರಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಟ್ರೊಯ್ಲೊ ವೃಂದದ ಜೊತೆ ಫಿಯೊರೆಂಟಿನೊ ಹಾಡಿದ 1941ರಿಂದ 44ರ ಮುದ್ರಿಕೆಗಳಲ್ಲಿ ದನಿ ಒಂದು ಕಡೆ, ಲಯ ಇನ್ನೊಂದು ಕಡೆ ಎಳೆಯುತ್ತದೆ. ಪುಲಿಯೆಸೆ (1905–1995) ವೃಂದದ ಹಾಡು ಬಂದರೆ ನೆಲದ ಮೇಲಿನ ಗಾಳಿಯೇ ಬದಲಾಗುತ್ತದೆ. ಬಡಿತಕ್ಕೆ ಸ್ವಲ್ಪ ಮುಂಚಿನಿಂದಲೇ ಸ್ವರವನ್ನು ಎಳೆದುಕೊಂಡು ಬಂದು ಬಡಿತದ ಮೇಲೆ ಇಳಿಸುತ್ತಾರೆ, ಅದಕ್ಕೆ ಅರ್ರಾಸ್ತ್ರೆ ಎನ್ನುತ್ತಾರೆ. ಹೆಜ್ಜೆಯೂ ಹಾಗೆಯೇ: ಎಳೆತ ಕೇಳಿದಾಗ ಮೈ ಹೊರಡಬೇಕು, ಬಡಿತಕ್ಕೆ ಕಾಲು ತಲುಪಬೇಕು. ಬಡಿತ ಕೇಳಿದ ಮೇಲೆ ಹೊರಟರೆ ಯಾವಾಗಲೂ ತಡ. ಪುಲಿಯೆಸೆಯ ಕೊನೆಯ ಸ್ವರ ಮೆಲ್ಲಗೆ, ತಡವಾಗಿ ಬರುತ್ತದೆ. ಅದಕ್ಕೂ ಮುನ್ನ ಅಪ್ಪುಗೆ ಬಿಡಬೇಡಿ.

ಟ್ಯಾಂಗೊ ರಚನಕಾರ ಪಿಯಾಜೊಲಾ ಅವರ ಸಂಗೀತ ಏಕೆ ಹಾಕುವುದಿಲ್ಲ ಎಂದು ನಮ್ಮ ಊರಿನಲ್ಲಿ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಅವರು ಟ್ರೊಯ್ಲೊ ವೃಂದದಲ್ಲೇ ಬ್ಯಾಂಡೊನಿಯನ್ ನುಡಿಸಿ ಬೆಳೆದವರು. ಮುಂದೆ ಬರೆದದ್ದು ಕೂತು ಕೇಳುವ ಸಂಗೀತ. ಇಪ್ಪತ್ತು ಜೋಡಿ ಒಟ್ಟಿಗೆ ಒಂದೇ ಕಡೆಗೆ ನಡೆಯಲು ಬೇಕಾದ ಸಮ ಬಡಿತ ಅದರಲ್ಲಿ ನಿಲ್ಲುವುದಿಲ್ಲ. ವೇದಿಕೆಗೆ ಚೆನ್ನ.

ಹಾಡು ಗುರುತಾಯಿತು. ಈಗ ಜೊತೆ. ಮಿಲೊಂಗಾದಲ್ಲಿ ಯಾರ ಮುಂದೆಯೂ ಹೋಗಿ ಕೈ ಚಾಚುವುದಿಲ್ಲ. ದೂರದಿಂದ ನೋಡುವುದು ಮಿರಾದಾ, ಕಣ್ಣು ಸೇರಿದಾಗ ತಲೆಯಾಡಿಸುವುದು ಕಬೆಸೆಯೊ. ಬೇಡವಾದರೆ ನೋಟ ತಿರುಗಿಸಿದರೆ ಮುಗಿಯಿತು, ಯಾರಿಗೂ ಅವಮಾನವಿಲ್ಲ. ಕನ್ನಡಿಗರಿಗೆ ಇದು ಹೇಳಿಮಾಡಿಸಿದ ಪದ್ಧತಿ ಎಂದೇ ನನ್ನ ಅಭಿಪ್ರಾಯ. ಎದುರು ಬಂದು ಕೇಳಿದವರಿಗೆ ‘ಬೇಡ’ ಎನ್ನಲು ನಮಗೆ ದಾಕ್ಷಿಣ್ಯ ಬಿಡುವುದಿಲ್ಲ, ಹನ್ನೆರಡು ನಿಮಿಷ ಅಪ್ಪಿಕೊಂಡು ನಡೆಯುವ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಬಸುರಾಗುವುದು ಯಾರಿಗೂ ಒಳ್ಳೆಯದಲ್ಲ. ತಲೆಯಾಡಿಸಿದ ಮೇಲೆ ಕೇಳಿದವರು ಎದ್ದು ಹತ್ತಿರ ಬರಬೇಕು, ಒಪ್ಪಿದವರು ಅವರು ಎದುರು ನಿಲ್ಲುವವರೆಗೆ ಕುರ್ಚಿಯಲ್ಲೇ ಇರಬೇಕು. ಬೇಗ ಎದ್ದರೆ, ತಲೆಯಾಡಿಸಿದ್ದು ಪಕ್ಕದವರಿಗೆ ಎಂದು ಆಮೇಲೆ ತಿಳಿದು ಮುಜುಗರವಾಗುತ್ತದೆ. ಇದಕ್ಕೆಲ್ಲ ಬೆಳಕು ಬೇಕು. ಪಾರ್ಟಿ ಎಂದು ದೀಪ ಕಂದಿಸಿ ಬಣ್ಣದ ಬಲ್ಬು ಹಾಕುವ ಆಯೋಜಕರು ಕಬೆಸೆಯೊವನ್ನೇ ಕೊಂದುಬಿಡುತ್ತಾರೆ. ಕೋಣೆಯ ಎದುರು ಗೋಡೆಯ ಬಳಿ ಕೂತವರ ಹುಬ್ಬು ಕಾಣುವಷ್ಟು ಬೆಳಕು ಇರಲಿ. ಹೆಂಗಸರೂ ಕೇಳಬಹುದು, ಹೆಂಗಸರು ಮುನ್ನಡೆಸಬಹುದು, ಗಂಡಸರು ಹಿಂಬಾಲಿಸಬಹುದು.

ಒಂದು ಎಚ್ಚರಿಕೆ: ತಂಡಾದ ನಡುವೆ ‘ಥ್ಯಾಂಕ್ ಯು’ ಎಂದರೆ ‘ಸಾಕು, ಕೂರೋಣ’ ಎಂದೇ ಅರ್ಥ. ಸೌಜನ್ಯಕ್ಕೆಂದು ಮೊದಲ ಹಾಡು ಮುಗಿದೊಡನೆ ಹೇಳಿಬಿಟ್ಟು, ಎದುರಿನವರು ಹೊರಟೇಹೋದಾಗ ಪೆಚ್ಚಾದವರು ಬಹಳ. ನಾಲ್ಕನೆಯ ಹಾಡಿನ ನಂತರ ಹೇಳಿ. ಆದರೆ ಅಪ್ಪುಗೆ ಹಿತವೆನಿಸದಿದ್ದರೆ ಮೊದಲ ಹಾಡಿಗೇ ಹೇಳಿ ಹೊರಡಬಹುದು, ಕಾರಣ ಕೊಡಬೇಕಿಲ್ಲ.

ನೆಲದ ಮೇಲೆ ಎಲ್ಲರೂ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಾರೆ. ಆ ಸುತ್ತಿನ ಹೆಸರು ರೊಂಡಾ. ಒಳಗೆ ಸೇರುವ ಮುನ್ನ ಬರುತ್ತಿರುವ ಜೋಡಿಯ ಮುನ್ನಡೆಸುವವರ ಕಣ್ಣು ನೋಡಿ ಒಪ್ಪಿಗೆ ಪಡೆಯಬೇಕು. ಇಲ್ಲಿ ನಡೆಯುವ ಡಿಕ್ಕಿಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕ್ಲಾಸಿನಲ್ಲಿ ಕಲಿಸುವ ಎಂಟು ಹೆಜ್ಜೆಯ ಪಾಠ. ಅದರ ಮೊದಲ ಹೆಜ್ಜೆಯೇ ಹಿಂದಕ್ಕೆ. ಖಾಲಿ ಕೋಣೆಯಲ್ಲಿ ಸರಿ, ರೊಂಡಾದಲ್ಲಿ ಅದು ಹಿಂದಿನ ಜೋಡಿಯ ಮೊಣಕಾಲಿಗೆ. ಮೊದಲ ಹೆಜ್ಜೆ ಪಕ್ಕಕ್ಕೆ ಇಡಿ, ಎರಡನೆಯದರಿಂದ ಮುಂದಕ್ಕೆ ನಡೆಯಿರಿ. ಮುಂದಿನ ಜೋಡಿ ನಿಂತರೆ ಬಿಎಂಟಿಸಿ ಬಸ್ಸಿನ ಹಾಗೆ ಎಡಬಲ ನುಗ್ಗದೆ ನಿಂತಲ್ಲೇ ತೂಕ ಬದಲಿಸುತ್ತಿರಿ. ಕಿಕ್ಕಿರಿದಾಗ ಹಿಮ್ಮಡಿ ಮೇಲೆತ್ತುವ ಬೊಲೆಯೊ ಬೇಡ, ಚೂಪು ಹೀಲ್ ಯಾರದೋ ಮೀನಖಂಡಕ್ಕೆ ತಗಲುತ್ತದೆ. 1,000 ಚದರಡಿಯ ಹಾಲ್‌ನಲ್ಲಿ 20 ಜೋಡಿ ಆರಾಮ, ಅದಕ್ಕಿಂತ ಹೆಚ್ಚಾದರೆ ಹೆಜ್ಜೆ ಅರ್ಧ ಮಾಡಬೇಕು.

ಬೆಂಗಳೂರಿನ ತೊಂದರೆ ನಿಜಕ್ಕೂ ನೆಲದ್ದು. ಮರದ ನೆಲ ಸಿಗುವುದು ಅಪರೂಪ, ಹೆಚ್ಚಿನ ಕಡೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್. ರಬ್ಬರ್ ಸೋಲ್ ಹಾಕಿಕೊಂಡು ಇದರ ಮೇಲೆ ಓಚೊ ತಿರುಗಿದರೆ ಪಾದ ಹಿಡಿದುಕೊಳ್ಳುತ್ತದೆ, ತಿರುಚು ಪೂರ್ತಿ ಮಂಡಿಗೆ ಹೋಗುತ್ತದೆ. ನಯ ಚರ್ಮದ ಸೋಲ್ ಆದರೆ ಗ್ರಾನೈಟ್ ಮೇಲೆ ಜಾರುತ್ತದೆ. ಎರಡಕ್ಕೂ ನಡುವೆ ಸ್ವೀಡ್ ಸೋಲ್. ಹಳೆಯ ಶೂಗೆ ಚಪ್ಪಲಿ ರಿಪೇರಿಯವರ ಹತ್ತಿರ ಅಂಟಿಸಿಕೊಳ್ಳಬಹುದು, ತಂತಿ ಬ್ರಷ್‌ನಿಂದ ಆಗಾಗ ಉಜ್ಜಿ ಎಳೆ ಎಬ್ಬಿಸಬೇಕು. ಅದನ್ನು ಹಾಕಿಕೊಂಡು ಒದ್ದೆ ನೆಲ ತುಳಿದರೆ ಕೆಟ್ಟಿತು. ಮಳೆಗಾಲದಲ್ಲಿ ಬಾಗಿಲ ಬಳಿ ಶೂ ಬದಲಿಸಲು ಕುರ್ಚಿ, ಒಣ ಮ್ಯಾಟ್ ಇಡುವುದು ಆಯೋಜಕರ ಕೆಲಸ. ಕಾಲು ತಿರುಗುತ್ತಿಲ್ಲ ಎಂದು ಯಾರೋ ಕೇರಂ ಪೌಡರ್ ಉದುರಿಸುತ್ತಾರೆ. ದಯವಿಟ್ಟು ಬೇಡ. ಪೌಡರ್ ಒಂದೇ ಕಡೆ ನಿಲ್ಲುವುದಿಲ್ಲ, ಅದನ್ನು ಉದುರಿಸಿದವರ ಬದಲು ಮೂರು ಜೋಡಿ ಆಚೆಯವರು ಬೀಳುತ್ತಾರೆ.

ಟೈಲ್ಸ್, ಗಾಜು ತುಂಬಿದ ಕೋಣೆಯಲ್ಲಿ ಹಳೆಯ ಮುದ್ರಿಕೆ ಕಿರುಚುತ್ತದೆ. ದನಿ ಏರಿಸುವ ಬದಲು ಬಟ್ಟೆಯ ಪರದೆ ಹಾಕಿ, ಸ್ಪೀಕರ್ ತಲೆಯ ಮಟ್ಟಕ್ಕಿಂತ ಮೇಲಿರಲಿ, ತಾರ ಸ್ವರಗಳನ್ನು (ಟ್ರೆಬಲ್) ಸ್ವಲ್ಪ ಇಳಿಸಿ, ಬಾಸನ್ನು ಅತಿಯಾಗಿ ಏರಿಸಬೇಡಿ. 1937ರ ತಟ್ಟೆಗೂ 1956ರದಕ್ಕೂ ದನಿಯ ಮಟ್ಟ ತೀರಾ ಬೇರೆ. ಡಿಜೆ ಮನೆಯಲ್ಲೇ ಒಂದೊಂದನ್ನೂ ಕೇಳಿ ಸರಿಮಾಡಿಕೊಂಡು ಬರಬೇಕು. ಹಾಡುಗಳ ನಡುವೆ ಎರಡು ಮೂರು ಸೆಕೆಂಡು ಮೌನ ಇಡಿ. ಲ್ಯಾಪ್‌ಟಾಪ್‌ನ ನೋಟಿಫಿಕೇಶನ್ ಬಂದ್ ಇರಲಿ, ಸ್ಪೀಕರ್‌ಗೆ ಬ್ಲೂಟೂತ್ ಬದಲು ವೈರ್ ಇರಲಿ.

ಅಪ್ಪುಗೆಯ ನೃತ್ಯವಾದ್ದರಿಂದ ಮೈಯ ಕಾಳಜಿಯೂ ಸೌಜನ್ಯವೇ. ಇನ್ನೊಂದು ಶರ್ಟ್ ತನ್ನಿ. ಈರುಳ್ಳಿ ದೋಸೆ ತಿಂದು ಬಂದರೆ ಪುದೀನ ಗುಳಿಗೆ ಬೇಕು. ತಲೆಗೆ ಎಣ್ಣೆ ಹಚ್ಚಿದ ದಿನ ಕೆನ್ನೆಗೆ ಕೆನ್ನೆ ತಾಗಿಸುವ ಅಪ್ಪುಗೆ ಬೇಡ, ಸ್ವಲ್ಪ ದೂರದ ಅಪ್ಪುಗೆಯಲ್ಲೇ ನರ್ತಿಸಿ. ಉದ್ದ ಜುಮುಕಿ ಎದುರಿನವರ ಕನ್ನಡಕಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ಸಂಜೆಯ ಕೊನೆಗೆ ‘ಲಾ ಕುಂಪಾರ್ಸಿತಾ’ ಬರುತ್ತದೆ. ಮಾಂಟೆವಿಡಿಯೊದ ಹೆರಾರ್ದೊ ಮಾತೊಸ್ ರೊಡ್ರಿಗೆಸ್ ವಿದ್ಯಾರ್ಥಿಯಾಗಿದ್ದಾಗ ರಚಿಸಿದ್ದು. ಅದು ಕೇಳಿದರೆ ಇನ್ನೊಂದು ಹಾಡು ಇಲ್ಲ ಎಂದು ಪ್ರಪಂಚದ ಬಹುತೇಕ ಮಿಲೊಂಗಾಗಳಲ್ಲಿ ಅರ್ಥ. ಆದ್ದರಿಂದ ಡಿಜೆ ಅದಕ್ಕೆ ಮುಂಚಿನ ತಂಡಾವನ್ನು ‘ಇದು ಕೊನೆಯದು’ ಎಂದು ಬಾಯಿಬಿಟ್ಟು ಹೇಳಬೇಕು. ಎಲ್ಲರೂ ತಮಗೆ ಬೇಕಾದವರ ಕಡೆ ನೋಡಲು ಅಷ್ಟು ಹೊತ್ತು ಬೇಕು. ನಮ್ಮಲ್ಲಿ ಅದನ್ನು ಕೊನೆಯ ಮೆಟ್ರೊಗೆ ಮುಕ್ಕಾಲು ಗಂಟೆ ಮೊದಲು ಹೇಳಿದರೆ, ವೈಟ್‌ಫೀಲ್ಡ್ ಕಡೆಯವರೂ ಕೊನೆಯ ಸ್ವರದವರೆಗೆ ಉಳಿಯುತ್ತಾರೆ.