2026ರ ಮಾರ್ಚ್‌ನ ಗೋಲ್ಡ್ ಕಪ್‌ಗೆ ನನ್ನ ನೋಟ್‌ಬುಕ್ಕಿನ ನಾಲ್ಕು ಕುದುರೆ

ಇದು 2025ರ ಜೂನ್. ಕಾರ ಹುಣ್ಣಿಮೆ ಮುಗಿದು ನಾಲ್ಕು ದಿನ ಆಯ್ತು. ಆಳಂದ ಕಡೆಯ ನಮ್ಮೂರಿನ ಅಗಸಿ ಮುಂದೆ ಈ ಸಲವೂ ಕರಿ ಹರಿದರು. ಬೇವಿನ ಸೊಪ್ಪು ಕಟ್ಟಿದ ಹಗ್ಗ, ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳು, ಹಲಗಿ ಸದ್ದು. ಬಿಳಿ ಎತ್ತು ಮೊದಲು ಹಾಯ್ದರೆ ಬಿಳಿಜೋಳ ಚೆನ್ನಾಗಿ ಬರುತ್ತದೆ ಅಂತ ಹಿರಿಯರ ಲೆಕ್ಕ. ನನಗೆ ಓಟಕ್ಕಿಂತ ಅದರ ಹಿಂದಿನ ಒಂದು ಗಂಟೆ ಜಾಸ್ತಿ ಇಷ್ಟ. ಕಟ್ಟೆ ಮೇಲೆ ಕೂತವರು ಒಂದೊಂದು ಎತ್ತನ್ನೂ ತೂಗುತ್ತಾರೆ. ಯಾವುದರ ಹೆಗಲು ಗಟ್ಟಿ, ಯಾವುದು ಹಲಗಿ ಸದ್ದಿಗೆ ಬೆದರುತ್ತದೆ, ಯಾವುದು ಹೋದ ವರ್ಷ ಹಗ್ಗದ ಹತ್ತಿರ ಬಂದು ನಿಂತುಬಿಟ್ಟಿತ್ತು.

ನಾನು ಇದೇ ಕೆಲಸವನ್ನು ಕುದುರೆಗಳಿಗೆ ಮಾಡುತ್ತೇನೆ. ಅದೂ ಕಣ್ಣಾರೆ ಒಮ್ಮೆಯೂ ನೋಡದ ಐರ್ಲೆಂಡ್, ಇಂಗ್ಲೆಂಡಿನ ಕುದುರೆಗಳಿಗೆ. ಬೇಲಿ ಹಾರುವ ರೇಸಿನ ಕುದುರೆಗಳಿಗೆ. ಕಲಬುರಗಿಯಲ್ಲಿ ಗಣಿತ ಟೀಚರ್ ನಾನು. ನೂರು ಪುಟದ ರೂಲ್ಡ್ ನೋಟ್‌ಬುಕ್ಕಿನಲ್ಲಿ ನಾಲ್ಕು ವರ್ಷದಿಂದ ಈ ಲೆಕ್ಕ ಇಡುತ್ತಿದ್ದೇನೆ. ದುಡ್ಡು ಕಟ್ಟುವುದಿಲ್ಲ. ಈ ಸಲದ ಲೆಕ್ಕ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಮೈದಾನದಲ್ಲಿ ಮಾರ್ಚ್‌ನಲ್ಲಿ ನಡೆಯುವ ಗೋಲ್ಡ್ ಕಪ್ ಓಟದ್ದು.

ಇದರ ಬೇರು ಮುತ್ಯಾನ, ಅಂದರೆ ಅಜ್ಜನ, ಟಾಂಗಾದಲ್ಲಿದೆ. ಗುಲಬರ್ಗಾ ಸ್ಟೇಷನ್ ಮುಂದೆ ಮುತ್ಯಾ ಟಾಂಗಾ ಹೊಡೆಯುತ್ತಿದ್ದ. ಸೂಪರ್ ಮಾರ್ಕೆಟ್, ಶರಣಬಸವೇಶ್ವರ ಗುಡಿ, ದರ್ಗಾ, ಗಂಜ್, ಇವೇ ಅವನ ದಾರಿಗಳು. ಕುದುರೆಯ ಹೆಸರು ಚಂದಾ. ಬೆಳಿಗ್ಗೆ ಟಾಂಗಾ ಕಟ್ಟುವ ಮೊದಲು ಮುತ್ಯಾ ಅವಳ ಮುಂಗಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಮೊಣಕಾಲಿನ ಕೆಳಗೆ, ಹಿಂಭಾಗದ ನರದ ಮೇಲೆ ಹೆಬ್ಬೆರಳು ಇಟ್ಟು ಮೇಲಿಂದ ಕೆಳಗೆ ನಿಧಾನ ಇಳಿಸುತ್ತಿದ್ದ. ಒಂದು ಕಾಲು, ಆಮೇಲೆ ಇನ್ನೊಂದು. ಎರಡರಲ್ಲಿ ಯಾವುದಾದರೂ ಸ್ವಲ್ಪ ಬೆಚ್ಚಗಿದ್ದರೆ ಆ ದಿನ ಬಾಡಿಗೆ ಇಲ್ಲ. ಅಮ್ಮ ಎಷ್ಟು ಬೈದರೂ ಇಲ್ಲ. ನನ್ನ ಬೆರಳನ್ನೂ ಹಿಡಿದು ಅಲ್ಲಿ ಇಡಿಸುತ್ತಿದ್ದ. "ಹ್ಯಾಂಗ ಓಡ್ತದ ಅಂತ ಎಲ್ಲಾರೂ ನೋಡ್ತಾರ. ನೀ ಕಾಲ ಹ್ಯಾಂಗ ಇಡ್ತದ ನೋಡವ್ವ" ಅನ್ನುತ್ತಿದ್ದ.

ಟಾಂಗಾ ಹೋಯ್ತು, ಮುತ್ಯಾನೂ ಹೋದ. 2021ರ ಏಪ್ರಿಲ್‌ನಲ್ಲಿ, ಕೊರೊನಾ ಎರಡನೇ ಅಲೆ ಏರುತ್ತಿದ್ದಾಗ, ಮೊಬೈಲ್‌ನಲ್ಲಿ ಒಂದು ಫೋಟೋ ಕಂಡೆ. ಇಂಗ್ಲೆಂಡಿನಲ್ಲಿ, ಜನವೇ ಇಲ್ಲದ ಏಂಟ್ರಿ ಮೈದಾನದಲ್ಲಿ ರೇಚೆಲ್ ಬ್ಲಾಕ್‌ಮೋರ್ ಅನ್ನುವ ಹೆಣ್ಣುಮಗಳು ಮಿನೆಲ್ಲಾ ಟೈಮ್ಸ್ ಕುದುರೆ ಮೇಲೆ ಗ್ರ್ಯಾಂಡ್ ನ್ಯಾಷನಲ್ ಗೆದ್ದಿದ್ದಳು. ಆ ರೇಸ್ ಗೆದ್ದ ಮೊದಲ ಮಹಿಳೆ. 30 ಬೇಲಿ, ಸುಮಾರು 7 ಕಿಲೋಮೀಟರ್. ಆ ಓಟವನ್ನು ಅವತ್ತು ರಾತ್ರಿ ಐದು ಸಲ ನೋಡಿದೆ. ಐದನೇ ಸಲ ನನ್ನ ಕಣ್ಣು ತಾನಾಗಿಯೇ ಕುದುರೆಯ ಮುಂಗಾಲಿಗೆ ಹೋಯ್ತು. ಬೇಲಿ ದಾಟಿ ನೆಲ ಮುಟ್ಟುವಾಗ ಒಂದು ಕ್ಷಣ ಇಡೀ ಮೈಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಆಮೇಲೆ ಇನ್ನೊಂದು ಕಾಲು ಬರುತ್ತದೆ. ಮುತ್ಯಾ ಹೆಬ್ಬೆರಳು ಇಡುತ್ತಿದ್ದ ಅದೇ ನರ.

ಈ ರೇಸಿನಲ್ಲಿ ಎರಡು ಬಗೆ. ಹರ್ಡಲ್ ಅಂದರೆ ಮೂರೂವರೆ ಅಡಿಯ, ತಗುಲಿದರೆ ಬಾಗುವ ಅಡ್ಡಗಟ್ಟು. ಫೆನ್ಸ್ ಅಂದರೆ ಕನಿಷ್ಠ ನಾಲ್ಕೂವರೆ ಅಡಿಯ ಗಟ್ಟಿ ಬೇಲಿ. ಕುದುರೆಯ ಹೆಸರಿನ ಮುಂದೆ ಹಳೆಯ ಓಟಗಳ ಸಾಲು ಇರುತ್ತದೆ. ಅಂಕಿ ಇದ್ದರೆ ಎಷ್ಟನೆಯದಾಗಿ ಬಂತು ಅಂತ. ಎಫ್ ಇದ್ದರೆ ಬಿತ್ತು. ಯು ಇದ್ದರೆ ಸವಾರ ಉದುರಿದ. ಪಿ ಇದ್ದರೆ ಸವಾರನೇ ಮಧ್ಯದಲ್ಲಿ ನಿಲ್ಲಿಸಿದ. ಬಿ ಇದ್ದರೆ ಬೇರೆ ಕುದುರೆ ಬಿದ್ದದ್ದಕ್ಕೆ ಎಡವಿ ಇದೂ ಬಿತ್ತು, ಇದರ ತಪ್ಪಿಲ್ಲ. ಅಡ್ಡಗೆರೆ ಇದ್ದರೆ ಒಂದು ಸೀಸನ್ ಮುಗಿಯಿತು. ಹೊಸದಾಗಿ ನೋಡುವವರು ಅಂಕಿಗಳನ್ನಷ್ಟೇ ಓದುತ್ತಾರೆ. ಅಕ್ಷರಗಳನ್ನು ಓದಬೇಕು. ಒಂದೊಂದು ಅಕ್ಷರ ಕಂಡಾಗಲೂ ಆ ಓಟದ ವಿಡಿಯೋ ಹುಡುಕಿ, ಎಲ್ಲಿ ಬಿತ್ತು, ಯಾಕೆ ಬಿತ್ತು ನೋಡಬೇಕು.

2022ರ ಮಾರ್ಚ್‌ನಲ್ಲಿ ಗ್ಯಾಲೊಪಿನ್ ಡೆ ಶಾಂಪ್ಸ್ ಚೆಲ್ಟನ್‌ಹ್ಯಾಮ್‌ನಲ್ಲಿ ಬಿತ್ತು. ಹೊಸ ಕುದುರೆಗಳ ಓಟ ಅದು. ಉಳಿದವನ್ನು ತುಂಬಾ ಹಿಂದೆ ಬಿಟ್ಟು ಕೊನೆಯ ಬೇಲಿಗೆ ಬಂದಿತ್ತು. ಬೇಲಿಯನ್ನು ಚೆನ್ನಾಗಿಯೇ ದಾಟಿತು. ಆಮೇಲೆ ನೆಲ ಮುಟ್ಟಿದ ಮುಂಗಾಲು ಮಡಚಿ ಕುಸಿಯಿತು. ಬಾಬ್ ಒಲಿಂಜರ್ ಹಿಂದಿನಿಂದ ಬಂದು ಗೆದ್ದಿತು. ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹಾರಿದ ರೀತಿಯಲ್ಲಿ ತಪ್ಪಿಲ್ಲ, ಹೆದರಿಕೆ ಇಲ್ಲ, ದಣಿವೂ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ "ಈ ಎಫ್ ಲೆಕ್ಕಕ್ಕಿಲ್ಲ" ಅಂತ ಬರೆದೆ. ಮುಂದಿನ ವರ್ಷ ಅದೇ ಕುದುರೆ ಗೋಲ್ಡ್ ಕಪ್ ಗೆದ್ದಿತು, 7 ಲೆಂತ್‌ನಿಂದ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ). 2024ರಲ್ಲಿ ಮತ್ತೆ ಗೆದ್ದಿತು. ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ.

2025ರ ಮಾರ್ಚ್ 11ರ ಚಾಂಪಿಯನ್ ಹರ್ಡಲ್ ಓಟ ಇದಕ್ಕೆ ತದ್ವಿರುದ್ಧ. ಕಾನ್ಸ್ಟಿಟ್ಯೂಷನ್ ಹಿಲ್ 2023ರಲ್ಲಿ ಗೆದ್ದದ್ದು, ಸ್ಟೇಟ್ ಮ್ಯಾನ್ 2024ರಲ್ಲಿ ಗೆದ್ದದ್ದು. ಎರಡೂ ಇದ್ದವು. ಮೊದಲನೆಯದು ಮಧ್ಯದಲ್ಲೇ ಬಿತ್ತು. ಎರಡನೆಯದು ಮುಂದೆ ಇದ್ದು ಕೊನೆಯ ಹರ್ಡಲ್‌ನಲ್ಲಿ ಬಿತ್ತು. ಬಾಜಿಯಲ್ಲಿ 25ಕ್ಕೆ 1 ದರದ, ಅಂದರೆ ಗೆಲ್ಲುತ್ತದೆ ಅಂತ ಹೆಚ್ಚಿನವರು ನಂಬದ, ಗೋಲ್ಡನ್ ಏಸ್ ಗೆದ್ದಿತು. ಸ್ಟೇಟ್ ಮ್ಯಾನ್ ಆಮೇಲೆ ಐರ್ಲೆಂಡಿನ ಪಂಚೆಸ್‌ಟೌನ್‌ನಲ್ಲಿ ಗೆದ್ದು ತನ್ನ ಎಫ್ ಅಳಿಸಿಕೊಂಡಿತು. ಕಾನ್ಸ್ಟಿಟ್ಯೂಷನ್ ಹಿಲ್ ಏಪ್ರಿಲ್‌ನಲ್ಲಿ ಏಂಟ್ರಿಯಲ್ಲಿ ಮತ್ತೆ ಬಿತ್ತು. ಒಂದು ಎಫ್ ಬಂದರೆ ಆ ಬೇಲಿಯನ್ನು ನೋಡುತ್ತೇನೆ. ಎರಡು ಸತತ ಬಂದರೆ ಕುದುರೆಯನ್ನೇ ನೋಡುತ್ತೇನೆ. ಅಷ್ಟು ವೇಗದ ಕುದುರೆಯನ್ನು ನನ್ನ ಪಟ್ಟಿಯಿಂದ ತೆಗೆದಾಗ ಮನಸ್ಸಿಗೆ ನಿಜವಾಗಿ ಬೇಜಾರಾಯ್ತು.

ಈಗ ಗೋಲ್ಡ್ ಕಪ್. 22 ಬೇಲಿ, ಐದೂಕಾಲು ಕಿಲೋಮೀಟರ್, ಕೊನೆಯ ಬೇಲಿ ಆದಮೇಲೆ ಏರು. ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಒಳ್ಳೆ ಕುದುರೆಗೆ ಜಾಸ್ತಿ ತೂಕ ಹೊರಿಸಿ ಸರಿದೂಗಿಸುತ್ತಾರೆ. ಗೋಲ್ಡ್ ಕಪ್‌ನಲ್ಲಿ ಹಾಗಿಲ್ಲ. ಗಂಡು ಕುದುರೆಗಳೆಲ್ಲ ಹೊರುವುದು ಒಂದೇ ತೂಕ, ಸುಮಾರು 74 ಕೆಜಿ. ಹೆಣ್ಣು ಕುದುರೆಗೆ 3 ಕೆಜಿ ಕಡಿಮೆ. ಅದಕ್ಕೇ ನನಗೆ ಇದು ಎಲ್ಲಕ್ಕಿಂತ ದೊಡ್ಡ ಓಟ.

ಮಾರ್ಚ್ 14, ಶುಕ್ರವಾರ, ಅವತ್ತೇ ಹೋಳಿ. ಎರಡು ಸಲ ತೊಳೆದರೂ ಕಿವಿ ಹಿಂದೆ ಗುಲಾಬಿ ಬಣ್ಣ ಉಳಿದಿತ್ತು. ರಾತ್ರಿ ಒಂಬತ್ತೂವರೆಗೆ ಮೊಬೈಲ್ ಹಿಡಿದು ಮಾಳಿಗೆ ಹತ್ತಿದೆ, ಕೆಳಗೆ ನೆಟ್‌ವರ್ಕ್ ಸರಿ ಬರುವುದಿಲ್ಲ. ಗ್ಯಾಲೊಪಿನ್ ಮೂರನೇ ಸಲ ಸತತ ಗೆದ್ದರೆ, ಹಿಂದೆ ಹಾಗೆ ಗೆದ್ದಿದ್ದ ಆರ್ಕಲ್ ಮತ್ತು ಬೆಸ್ಟ್ ಮೇಟ್ ಕುದುರೆಗಳ ಸಾಲಿಗೆ ಸೇರುತ್ತಿತ್ತು. ಹಿಂದಿನಿಂದ ಬಂದ ಐನೋದವೇಯುಆರ್‌ಥಿಂಕಿನ್ ಏರಿನಲ್ಲಿ ಅದನ್ನು ದಾಟಿ 6 ಲೆಂತ್ ಮುಂದೆ ಹೋಯ್ತು. (ಇಂಗ್ಲಿಷಿನಲ್ಲಿ ಆ ಹೆಸರಿಗೆ ಸರಿಯಾಗಿ 18 ಅಕ್ಷರ. ರೇಸ್ ಕುದುರೆಗೆ ಅದಕ್ಕಿಂತ ಉದ್ದದ ಹೆಸರು ಇಡುವಂತಿಲ್ಲ. ಬಾಯಲ್ಲಿ ಸುಮ್ನೆ "ಐನೋ" ಅನ್ನುತ್ತೇನೆ.) ಈ ಕುದುರೆಯ ಹೆಸರು ಓಟದ ಪಟ್ಟಿಯಲ್ಲಿ ಮೊದಲು ಇರಲೂ ಇಲ್ಲ, ಕೊನೇ ಗಳಿಗೆಯಲ್ಲಿ 25,000 ಪೌಂಡ್ ಕಟ್ಟಿ ಸೇರಿಸಿದ್ದರು.

ಹಾಗಾದರೆ 2026ರ ಮಾರ್ಚ್‌ಗೆ ಯಾರು?

ಮೊದಲ ಸಾಲಿನಲ್ಲಿ ಐನೋ ಹೆಸರನ್ನೇ ಬರೆದಿದ್ದೇನೆ. ಅದಕ್ಕೆ ಈಗ 7 ವರ್ಷ, ಆಗ 8. ಗೋಲ್ಡ್ ಕಪ್‌ಗೆ ಹದವಾದ ವಯಸ್ಸು. ಅದರ ಹಳೆಯ ಓಟಗಳಲ್ಲಿ ಹಾರುವಿಕೆ ಒರಟು. ಬೇಲಿಗೆ ತೀರಾ ಹತ್ತಿರ ಹೋಗಿ ಎದ್ದು, ಆಚೆ ಕಡೆ ತಡವರಿಸಿ, ಜಾಗ ಕಳೆದುಕೊಳ್ಳುತ್ತಿತ್ತು. ಫೆಬ್ರವರಿಯ ಐರಿಷ್ ಗೋಲ್ಡ್ ಕಪ್‌ನಲ್ಲಿ ನಾಲ್ಕನೆಯದು. ಆದರೆ ಅಲ್ಲಿ ಕೊನೆಯ ಬೇಲಿ ಆದಮೇಲೂ ಮುನ್ನುಗ್ಗುತ್ತಲೇ ಇತ್ತು. ಮಾರ್ಚ್‌ನಲ್ಲಿ ಬೇಲಿಗಳನ್ನೂ ನೀಟಾಗಿ ದಾಟಿತು. ನನ್ನ ಸಂಶಯ ಒಂದೇ. ಅದು ಕಲಿತ ಪಾಠವೋ, ಒಂದು ದಿನದ ಅದೃಷ್ಟವೋ? ಚಳಿಗಾಲದ ಮೊದಲ ಎರಡು ಓಟದಲ್ಲಿ ಗೊತ್ತಾಗುತ್ತದೆ. ಅದು ಎಷ್ಟನೆಯದಾಗಿ ಬಂತು ಅಂತ ನಾನು ನೋಡುವುದಿಲ್ಲ, ಬೇಲಿಯಾಚೆ ಕಾಲಿಟ್ಟ ರೀತಿ ನೋಡುತ್ತೇನೆ.

ಇನ್ನೊಂದು ಫ್ಯಾಕ್ಟ್ ಟು ಫೈಲ್. ಈ ವರ್ಷ ಚೆಲ್ಟನ್‌ಹ್ಯಾಮ್‌ನ ರಯಾನ್‌ಏರ್ ಚೇಸ್ ಅನ್ನು 9 ಲೆಂತ್‌ನಿಂದ ಗೆದ್ದಿತು (ಚೇಸ್ ಅಂದರೆ ಫೆನ್ಸ್ ಹಾರುವ ಓಟ). ಹಾರುವ ಚಂದ ನೋಡಿದರೆ ನಾಲ್ಕರಲ್ಲಿ ಇದೇ ಮೇಲು. ಆದರೆ ಆ ಓಟ ನಾಲ್ಕು ಕಿಲೋಮೀಟರ್ ಚಿಲ್ಲರೆ. ಮೂರು ಮೈಲಿಯ ಓಟಗಳಲ್ಲಿ ಗ್ಯಾಲೊಪಿನ್ ಎದುರು ಕೊನೆಗೆ ಉಸಿರು ಸಾಲಲಿಲ್ಲ. ಇನ್ನೊಂದು ಮಾತು, ಇದು ಮತ್ತು ಐನೋ ಎರಡರ ಮಾಲೀಕರೂ ಜೆ.ಪಿ. ಮೆಕ್‌ಮನಸ್ ಅವರೇ. ಎರಡನ್ನೂ ಒಂದೇ ಓಟಕ್ಕೆ ಬಿಡುವ ಬದಲು ಇದನ್ನು ಮತ್ತೆ ಚಿಕ್ಕ ಓಟಕ್ಕೇ ಕಳಿಸಬಹುದು ಅಂತ ನನ್ನ ಲೆಕ್ಕ.

ಗೇಲಿಕ್ ವಾರಿಯರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಏಂಟ್ರಿಯ ಬೌಲ್ ಚೇಸ್ ಗೆದ್ದಿತು. ಶಕ್ತಿ ಬೇಕಾದಷ್ಟಿದೆ. ಲಗಾಮು ಎಳೆದಾಡುತ್ತದೆ, ಹಾರುವಾಗ ಬಲಕ್ಕೆ ವಾಲುವ ಹಳೇ ಚಾಳಿ ಇದೆ. ಚೆಲ್ಟನ್‌ಹ್ಯಾಮ್ ಎಡಕ್ಕೆ ತಿರುಗುವ ಮೈದಾನ. 22 ಬೇಲಿಯಲ್ಲಿ ಒಂದೊಂದು ಮಾರು ಬಲಕ್ಕೆ ಹೋದರೂ ಎಷ್ಟು ನೆಲ ಕಳೆಯುತ್ತದೆ ನೋಡಿ.

ಇನ್ನು ಗ್ಯಾಲೊಪಿನ್. ಸೋತು ಏಳು ವಾರದೊಳಗೆ ಪಂಚೆಸ್‌ಟೌನ್ ಗೋಲ್ಡ್ ಕಪ್ ಅನ್ನು 22 ಲೆಂತ್‌ನಿಂದ ಗೆದ್ದಿತು. ಆ ದಿನ ಅದು ಬೇಲಿ ದಾಟಿದ ರೀತಿ ನೋಡಿದರೆ ಮುಗಿದ ಕುದುರೆ ಅಂತ ಯಾರೂ ಹೇಳಲಾರರು. ಆದರೆ ಮುಂದಿನ ಮಾರ್ಚ್‌ಗೆ ಅದಕ್ಕೆ 10 ವರ್ಷ. ಹತ್ತರ ಕುದುರೆ ಗೋಲ್ಡ್ ಕಪ್ ಗೆದ್ದು ಎಷ್ಟೋ ವರ್ಷ ಆಯ್ತು, ಕೊನೆಗೆ ಗೆದ್ದದ್ದು 1998ರಲ್ಲಿ ಕೂಲ್ ಡಾನ್. ಕಳೆದುಕೊಂಡ ಕಪ್ಪನ್ನು ಮರಳಿ ಪಡೆದ ಕುದುರೆ ಕೌಟೊ ಸ್ಟಾರ್. 2007ರಲ್ಲಿ ಗೆದ್ದು, 2008ರಲ್ಲಿ ಡೆನ್‌ಮನ್‌ಗೆ ಸೋತು, 2009ರಲ್ಲಿ ಮತ್ತೆ ಗೆದ್ದಿತು. ಆಗ ಅದಕ್ಕೆ 9 ವರ್ಷ.

ಗ್ಯಾಲೊಪಿನ್‌ಗೆ ನೆಲ ಒದ್ದೆ ಇದ್ದರೆ ಒಳ್ಳೆಯದು, ಗೆದ್ದ ಎರಡೂ ಮಾರ್ಚ್‌ನಲ್ಲಿ ನೆಲ ನೆನೆದಿತ್ತು. ಅಲ್ಲಿಯವರು ನೆಲದ ಹದವನ್ನು ಓಟದ ಬೆಳಿಗ್ಗೆ ಕೋಲು ಚುಚ್ಚಿ ನೋಡಿ ಹೇಳುತ್ತಾರೆ. ಎರೆ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮಳೆಗಾಲದಲ್ಲಿ ಹಳ್ಳಿ ಬಾಡಿಗೆ ಬಂದಾಗ ಚಂದಾಳ ಗೊರಸು ಎರೆಯಿಂದ ಪಚಕ್ ಅಂತ ಕಿತ್ತು ಬರುತ್ತಿದ್ದ ಸದ್ದು ನನಗೆ ಈಗಲೂ ನೆನಪಿದೆ. ಆ ನೆಲದಲ್ಲಿ ಚುರುಕು ಕೆಲಸಕ್ಕೆ ಬರುವುದಿಲ್ಲ. ಕಾಲು ಕಿತ್ತು ಕಿತ್ತು ಇಡುವ ತಾಳ್ಮೆ ಇರುವ ಕುದುರೆ ಬೇಕು.

ಕುದುರೆ ತೂಗುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ರಷ್ಯಾದ ಪ್ರವಾಸಿ ನಿಕಿತಿನ್ ಬಹಮನಿ ಕಾಲದಲ್ಲಿ, ಐದೂವರೆ ಶತಮಾನದ ಹಿಂದೆ, ಮಾರಲು ಒಂದು ಕುದುರೆ ಹಿಡಿದು ಬೀದರ್‌ಗೆ ಬಂದಿದ್ದ. ಆಳಂದದ ಜಾತ್ರೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಅಂತ ಬರೆದಿಟ್ಟಿದ್ದಾನೆ. ನಮ್ಮೂರಿನ ದಾರಿಯಲ್ಲೇ ಅವು ಹಾಯ್ದು ಹೋಗಿರಬೇಕು. ಅವುಗಳ ಮುಂಗಾಲನ್ನೂ ಯಾರೋ ಕೂತು ಮುಟ್ಟಿ ನೋಡಿರುತ್ತಾರೆ.

ಈ ಓಟದ ಅಪಾಯ ನಾನು ಮರೆತಿಲ್ಲ. ಫೆಬ್ರವರಿಯಲ್ಲಿ ಮೈಕಲ್ ಓಸಲಿವನ್ ಅನ್ನುವ 24 ವರ್ಷದ ಸವಾರ ಐರ್ಲೆಂಡಿನ ಥರ್ಲ್ಸ್‌ನಲ್ಲಿ ಬಿದ್ದು, ಹತ್ತು ದಿನಕ್ಕೆ ತೀರಿಕೊಂಡ. 2023ರಲ್ಲಿ ಅವನು ಗೆಲ್ಲಿಸಿದ್ದ ಮರೀನ್ ನ್ಯಾಷನಾಲ್ ಈ ಮಾರ್ಚ್‌ನಲ್ಲಿ ಚಾಂಪಿಯನ್ ಚೇಸ್ ಗೆದ್ದಿತು. ಮಾಳಿಗೆ ಮೇಲೆ ಒಬ್ಬಳೇ ಕೂತು ಅತ್ತುಬಿಟ್ಟೆ. ಕಳೆದ ತಿಂಗಳು ರೇಚೆಲ್ ಕೂಡ ಸವಾರಿ ನಿಲ್ಲಿಸಿದಳು, ಮೈ ಗಟ್ಟಿ ಇರುವಾಗಲೇ. ನನಗೆ ಸಮಾಧಾನ ಆಯ್ತು.

ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಇವತ್ತು ಸಾಲು ಎಳೆದೆ. ಐನೋ ಒಂದು, ಗ್ಯಾಲೊಪಿನ್ ಎರಡು, ಫ್ಯಾಕ್ಟ್ ಟು ಫೈಲ್ ಮೂರು, ಗೇಲಿಕ್ ವಾರಿಯರ್ ನಾಲ್ಕು. ಮನಸ್ಸು ಕೇಳಿದರೆ ಮೊದಲೆರಡು ಅದಲು ಬದಲಾಗುತ್ತಿತ್ತು. ಗ್ಯಾಲೊಪಿನ್ ಹೆಸರಿನ ಮುಂದೆ, ಮುಂದಿನ ಓಟಗಳಿಗೆ ಅಂತ, ಮೂರು ಖಾನೆ ಖಾಲಿ ಬಿಟ್ಟಿದ್ದೇನೆ. ಮಿರಗದ ಮಳೆ ಬಂದಿದೆ, ಊರಲ್ಲಿ ತೊಗರಿ ಬಿತ್ತುತ್ತಿದ್ದಾರೆ. ಆ ತೊಗರಿ ಕೊಯ್ಲಿಗೆ ಬರುವ ಡಿಸೆಂಬರ್ ಕೊನೆಗೆ ಐರ್ಲೆಂಡಿನ ಲೆಪರ್ಡ್ಸ್‌ಟೌನ್‌ನಲ್ಲಿ ದೊಡ್ಡ ಓಟ ಇದೆ. ಗ್ಯಾಲೊಪಿನ್ ಅಲ್ಲಿಗೆ ಬಂದರೆ ಮೊದಲ ಖಾನೆ ಅವತ್ತು ರಾತ್ರಿಯೇ ತುಂಬುತ್ತೇನೆ.